ಪಿಕಪ್ ಗಾಡಿಯ ಸೌಂಡ್ ಸಿಸ್ಟಂ: 15 ಸಾವಿರದೊಳಗೆ ಸುಧಾರಿಸಿಕೊಳ್ಳುವ ಬಗೆ

"ಗಾಡಿಯಲ್ಲಿ ಹಾಡು ಸರಿಯಾಗಿ ಕೇಳಿಸ್ತಿಲ್ಲ, ಯಾವ ಸೆಟ್ ಹಾಕಿಸಲಿ?" ಮಂಡಿಗೆ ಟೊಮೆಟೊ ಲೋಡ್ ಹೊಡೆಯುವವರು, ತೋಟದ ಕೆಲಸಕ್ಕೆಂದು ಪಿಕಪ್ ಇಟ್ಟುಕೊಂಡವರು, ಹೊಸದಾಗಿ ಡಬಲ್ ಕ್ಯಾಬಿನ್ ಗಾಡಿ ತಗೊಂಡವರು, ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಎಲ್ಲವನ್ನೂ ಒಂದೇ ಕಡೆ ಬರೆದಿಡೋಣ ಎಂದು ಕೂತಿದ್ದೇನೆ.

ನನ್ನ ಉತ್ತರದ ಸಾರ ಇಷ್ಟು: ಸೆಟ್, ಅಂದರೆ ಡ್ಯಾಶ್‌ಬೋರ್ಡಿನಲ್ಲಿ ಹಾಡು ನುಡಿಸುವ ಪೆಟ್ಟಿಗೆ, ಬದಲಿಸುವುದು ಕೊನೆಯ ಕೆಲಸ. ಮೊದಲ ದುಡ್ಡು ಡೋರಿನ ತಗಡಿಗೆ ಹೋಗಲಿ, ಎರಡನೆಯದು ಸ್ಪೀಕರಿಗೆ, ಮೂರನೆಯದು ಆಂಪ್‌ಗೆ (ಆಂಪ್ಲಿಫೈಯರ್, ಸೆಟ್ಟಿನ ದನಿಗೆ ಶಕ್ತಿ ತುಂಬುವ ಪೆಟ್ಟಿಗೆ). ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ದೊಡ್ಡ ಟಚ್ ಸ್ಕ್ರೀನ್ ಸೆಟ್ ಹಾಕಿಸಿ, ಕಂಪನಿಯಿಂದ ಬಂದ ಅದೇ ತೆಳು ಸ್ಪೀಕರಿನಲ್ಲಿ ಅದೇ ಒಡಕು ದನಿ ಕೇಳುತ್ತಾರೆ.

ಪಿಕಪ್‌ಗೆ ಬೇರೆಯೇ ಲೆಕ್ಕ ಯಾಕೆ ಬೇಕೆಂದರೆ, ಕ್ಯಾಬಿನ್ ಚಿಕ್ಕದು, ಡೋರು ಬರಿಯ ತಗಡು, ಕಾಲ ಬುಡದಲ್ಲೇ ಡೀಸೆಲ್ ಎಂಜಿನ್. ಎಂಜಿನ್ನಿನ ಗುಡುಗು ಇರುವುದು ತಗ್ಗು ಸ್ವರದಲ್ಲಿ. ಹಾಡಿನ ಡೋಲು, ತಬಲಾದ ಎಡಗೈ ಪೆಟ್ಟು, ಬೇಸ್ ಇರುವುದೂ ಅದೇ ತಗ್ಗಿನಲ್ಲಿ. ಹಾಗಾಗಿ ಗಾಡಿ ಓಡುವಾಗ ಹಾಡಿನ ಕೆಳಗಿನ ಅರ್ಧವನ್ನು ಎಂಜಿನ್ ನುಂಗುತ್ತದೆ, ಉಳಿಯುವುದು ಕಿರುಚು ಮಾತ್ರ. ಡ್ರೈವರ್ ವಾಲ್ಯೂಮ್ ಏರಿಸುತ್ತಾನೆ, ಸೆಟ್ ತನ್ನ ಶಕ್ತಿ ಮೀರಿ ದುಡಿಯುತ್ತದೆ, ಸ್ಪೀಕರ್ ಒಡೆಯುತ್ತದೆ. ಕಡಿಮೆ ವಾಲ್ಯೂಮ್‌ನಲ್ಲೇ ಪದ ಪದವೂ ತಿಳಿಯುವಂತೆ ಮಾಡಿಕೊಳ್ಳುವುದು ನಮ್ಮ ಗುರಿ. ಹಿಂದಿನ ಬಸ್ಸಿನ ಹಾರ್ನ್ ಕೇಳಿಸಬೇಕು, ಟೈರಿನಲ್ಲಿ ಏನಾದರೂ ಸದ್ದು ಬಂದರೆ ಅದೂ ಕೇಳಿಸಬೇಕು.

1. ಈಗ ಏನಿದೆ ಎಂದು ನೋಡಿ

ಏನನ್ನೂ ಕೊಳ್ಳುವ ಮೊದಲು ಒಂದು ಗಂಟೆ ಗಾಡಿಯೊಳಗೆ ಕೂತು ನೋಡಿ. ಡೋರಿನ ಜಾಲರಿಯ ಹಿಂದೆ ಸ್ಪೀಕರ್ ಇದೆಯೇ, ಬರೀ ಜಾಲರಿಯೇ? ಕೆಳದರ್ಜೆಯ ಮಾಡೆಲ್‌ಗಳಲ್ಲಿ ಜಾಗ ಬಿಟ್ಟು ಸ್ಪೀಕರ್ ಕೊಡದೇ ಇರುವುದುಂಟು. ಇದ್ದರೆ ಎಷ್ಟು ಇಂಚಿನದು? 4, 5.25, 6.5 ಇಂಚು, ಈ ಮೂರು ಅಳತೆ ಹೆಚ್ಚಾಗಿ ಸಿಗುತ್ತವೆ.

ಬ್ಯಾಟರಿ ವೋಲ್ಟೇಜನ್ನೂ ನೋಡಿಕೊಳ್ಳಿ. ಪಿಕಪ್ ಗಾಡಿಗಳು ಸಾಮಾನ್ಯವಾಗಿ 12 ವೋಲ್ಟ್, ದೊಡ್ಡ ಲಾರಿಗಳು 24 ವೋಲ್ಟ್. ಲಾರಿಯಿಂದ ಬಿಚ್ಚಿದ 24 ವೋಲ್ಟಿನ ಸೆಟ್ಟನ್ನು ಪಿಕಪ್‌ಗೆ ಹಾಕಿದರೆ ಓಡುವುದಿಲ್ಲ. ಪಿಕಪ್‌ನ 12 ವೋಲ್ಟಿನ ಸೆಟ್ಟನ್ನು ಲಾರಿಗೆ ಹಾಕಿದರೆ ಸುಟ್ಟೇ ಹೋಗುತ್ತದೆ.

ಆಮೇಲೆ ಒಂದು ಸಣ್ಣ ಪರೀಕ್ಷೆ. ಎಂಜಿನ್ ಆಫ್ ಮಾಡಿ, ಚೆನ್ನಾಗಿ ಗೊತ್ತಿರುವ ಒಂದು ಹಾಡನ್ನು ಅರ್ಧ ವಾಲ್ಯೂಮಿಗೆ ಹಾಕಿ, ಈಗ ಹೇಗೆ ಕೇಳಿಸುತ್ತದೆ ಎಂದು ನೆನಪಿಟ್ಟುಕೊಳ್ಳಿ. ಆಮೇಲೆ ಹಾಡು ನಿಲ್ಲಿಸಿ. ಬೆರಳಿನ ಗೆಣ್ಣಿನಿಂದ ಡೋರಿನ ಹೊರಮೈಯನ್ನು ಬಡಿಯಿರಿ. "ಡಣ್" ಎಂದು ಪಾತ್ರೆಯ ಹಾಗೆ ಸದ್ದು ಬಂದರೆ ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಇದೆ.

2. ದುಡ್ಡಿನ ಲೆಕ್ಕ

ಊರು, ಅಂಗಡಿ, ಬ್ರ್ಯಾಂಡ್ ನೋಡಿಕೊಂಡು ದರ ಏರುಪೇರಾಗುತ್ತದೆ. ನಾನು ಅಂದಾಜು ಹಾಕುವುದು ಹೀಗೆ: ಎರಡು ಡೋರಿಗೆ ಡ್ಯಾಂಪಿಂಗ್ ಶೀಟ್ (ತಗಡಿನ ನಡುಕ ನಿಲ್ಲಿಸುವ ಹಾಳೆ) 2 ಸಾವಿರದ ಆಸುಪಾಸು, ಒಂದು ಜೊತೆ ಒಳ್ಳೆಯ 6.5 ಇಂಚಿನ ಸ್ಪೀಕರಿಗೆ 2,500ರಿಂದ 3,500, ರಿಂಗು, ಸ್ಕ್ರೂ, ಕ್ಲಿಪ್, ಟೇಪ್ ಎಂದು 500. ಇಷ್ಟು ಮೊದಲ ಕಂತು. ಎರಡನೇ ಕಂತಿನಲ್ಲಿ ನಾಲ್ಕು ಚಾನೆಲ್ (ನಾಲ್ಕು ಸ್ಪೀಕರಿಗೆ ಬೇರೆ ಬೇರೆ ದಾರಿ ಇರುವ) ಆಂಪ್‌ಗೆ 5ರಿಂದ 7 ಸಾವಿರ, ವೈರಿಂಗ್ ಕಿಟ್‌ಗೆ ಸುಮಾರು 1,500.

ಎರಡನ್ನೂ ಒಟ್ಟಿಗೆ ಮಾಡಬೇಕಾಗಿಲ್ಲ. ಮೊದಲ ಕಂತು ಮುಗಿಸಿ ಒಂದು ತಿಂಗಳು ಓಡಿಸಿ ನೋಡಿ. ನನಗೆ ಗೊತ್ತಿರುವ ಎಷ್ಟೋ ಮಂದಿ ಅಲ್ಲಿಗೇ ತೃಪ್ತರಾಗಿ ನಿಲ್ಲಿಸಿದ್ದಾರೆ.

ಬೆಂಗಳೂರಿನ ಸುತ್ತಮುತ್ತಲಿನವರಿಗೆ ಸ್ಪೀಕರ್, ಆಂಪ್, ಕಪ್ಲರ್‌ಗೆ (ವೈರು ಜೋಡಿಸುವ ಪ್ಲಗ್) ಜೆ.ಸಿ. ರಸ್ತೆ, ವೈರು, ಫ್ಯೂಸ್ ಹೋಲ್ಡರ್, ಮಲ್ಟಿಮೀಟರಿಗೆ ಎಸ್.ಪಿ. ರಸ್ತೆ. ಬೇರೆ ಊರಿನವರು ಜಿಲ್ಲಾ ಕೇಂದ್ರದ ಆಟೊ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ವಿಚಾರಿಸಿ.

ಬೇಕಾದ ಸಲಕರಣೆ ಬಹಳವೇನಿಲ್ಲ: ಸ್ಕ್ರೂಡ್ರೈವರ್ ಸೆಟ್, 10ನೇ ನಂಬರ್ ಸ್ಪ್ಯಾನರ್, ಡೋರ್ ಪ್ಯಾಡ್ (ಡೋರಿನ ಒಳಬದಿಯ ಹೊದಿಕೆ) ಎಬ್ಬಿಸಲು ಚಪ್ಪಟೆ ಪ್ಲಾಸ್ಟಿಕ್ ಪಟ್ಟಿ, ವೈರ್ ಕಟರ್, ಕ್ರಿಂಪಿಂಗ್ ಕಟಿಂಗ್ ಪ್ಲೇಯರ್, ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್, ಒಂದು ಪೆನ್ಸಿಲ್ ಸೆಲ್.

3. ಡೋರ್ ಪ್ಯಾಡ್ ಬಿಚ್ಚುವುದು

ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ. ಯಾವಾಗಲೂ ನೆಗೆಟಿವ್ ಮೊದಲು ಬಿಚ್ಚಬೇಕು, ಜೋಡಿಸುವಾಗ ಅದನ್ನೇ ಕೊನೆಗೆ ಹಾಕಬೇಕು. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿತೆಂದರೆ ಕಿಡಿ ಹಾರುತ್ತದೆ.

ಗ್ಲಾಸ್ ಏರಿಸುವ ಹ್ಯಾಂಡಲ್, ಕೈಹಿಡಿ, ಲಾಕಿನ ಬಟ್ಟಲು, ಇವುಗಳ ಸ್ಕ್ರೂ ತೆಗೆಯಿರಿ. ಕೆಲವು ಗಾಡಿಗಳ ಹ್ಯಾಂಡಲ್‌ನಲ್ಲಿ ಸ್ಕ್ರೂ ಇರುವುದಿಲ್ಲ, ಹಿಂಬದಿಯಲ್ಲಿ ಕುದುರೆ ಲಾಳದ ಆಕಾರದ ತಂತಿ ಕ್ಲಿಪ್ ಇರುತ್ತದೆ. ಹಳೆಯ ಬನಿಯನ್ ಬಟ್ಟೆಯ ಪಟ್ಟಿಯೊಂದನ್ನು ಹ್ಯಾಂಡಲ್ ಹಿಂದೆ ತೂರಿಸಿ ಅತ್ತಿತ್ತ ಎಳೆದರೆ ಕ್ಲಿಪ್ ಹಾರಿ ಹೊರಗೆ ಬರುತ್ತದೆ. ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ಕಣ್ಣಿಡಿ. ಆಮೇಲೆ ಪ್ಯಾಡಿನ ಕೆಳಮೂಲೆಯಿಂದ ಪ್ಲಾಸ್ಟಿಕ್ ಪಟ್ಟಿ ಹಾಕಿ ಒಂದೊಂದೇ ಕ್ಲಿಪ್ಪಿನ ಪಕ್ಕದಲ್ಲಿ ಮೀಟಿ ಎಬ್ಬಿಸಿ.

ಹಳೆಯ ಗಾಡಿಯಲ್ಲಿ ಎರಡೋ ಮೂರೋ ಕ್ಲಿಪ್ ಮುರಿಯುವುದು ಖಚಿತ. ಒಂದು ಡಜನ್ ಮೊದಲೇ ತಂದಿಟ್ಟುಕೊಳ್ಳಿ. ಕ್ಲಿಪ್ ಇಲ್ಲದೆ ಕೂರಿಸಿದ ಪ್ಯಾಡ್ ಆಮೇಲೆ ಹಾಡಿನ ಜೊತೆ ತಾನೂ ಹಾಡುತ್ತದೆ.

ಏರ್‌ಬ್ಯಾಗ್ ಇರುವ ಗಾಡಿಯಾದರೆ ಹಳದಿ ಕಪ್ಲರ್ ಕಂಡಲ್ಲಿ ಕೈ ಹಾಕಬೇಡಿ, ಮಲ್ಟಿಮೀಟರ್ ಇಟ್ಟು ಪರೀಕ್ಷೆಯನ್ನೂ ಮಾಡಬೇಡಿ.

ಪ್ಯಾಡಿನ ಹಿಂದೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ಇರುತ್ತದೆ. ಗ್ಲಾಸಿನ ಸಂದಿಯಲ್ಲಿ ಇಳಿಯುವ ಮಳೆನೀರು ಕ್ಯಾಬಿನ್ನಿಗೆ ಬರದಂತೆ ತಡೆಯುವುದು ಅದೇ. ಅದನ್ನು ಹರಿದು ಬಿಸಾಡುವ ಮೆಕ್ಯಾನಿಕ್‌ಗಳನ್ನು ನೋಡಿದ್ದೇನೆ. ಮಲೆನಾಡು, ಕರಾವಳಿಯ ಗಾಡಿಗಳಲ್ಲಿ ಮೊದಲ ಮಳೆಗಾಲದಲ್ಲೇ ಮ್ಯಾಟ್ ಕೆಳಗೆ ನೀರು ನಿಲ್ಲುತ್ತದೆ. ಜೋಪಾನವಾಗಿ ಬಿಡಿಸಿ ಮಡಿಸಿಡಿ.

4. ತಗಡನ್ನು ಸುಮ್ಮನಾಗಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಸ್ಪೀಕರಿನ ಕೋನ್ (ಅಲುಗಾಡುವ ಬಟ್ಟಲಿನಂಥ ಭಾಗ) ಮುಂದಕ್ಕೆ ಬಂದಾಗ ಎಷ್ಟು ಗಾಳಿಯನ್ನು ತಳ್ಳುತ್ತದೋ ಅಷ್ಟನ್ನೇ ಹಿಂದಿನಿಂದ ಎಳೆಯುತ್ತದೆ. ಮುಂದಿನ ಅಲೆ, ಹಿಂದಿನ ಅಲೆ ಎರಡೂ ಒಂದಕ್ಕೊಂದು ತದ್ವಿರುದ್ಧ. ಡೋರಿನ ಒಳತಗಡಿನಲ್ಲಿ ಅಂಗೈ ಅಗಲದ ತೂತುಗಳಿದ್ದರೆ ಹಿಂದಿನ ಅಲೆ ಅವುಗಳ ಮೂಲಕ ಹೊರಬಂದು ಮುಂದಿನ ಅಲೆಯನ್ನು ಕೊಲ್ಲುತ್ತದೆ. ತಗ್ಗು ಸ್ವರಗಳೇ ಮೊದಲು ಸಾಯುವುದು. "ಸ್ಪೀಕರ್ ಹೊಸದು, ಆದರೂ ಬೇಸ್ ಇಲ್ಲ" ಎಂಬ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ ಎಂದು ನನ್ನ ಅನುಭವ.

ಆದ್ದರಿಂದ ಇಲ್ಲಿ ಎರಡು ಕೆಲಸ. ಒಂದು, ಹೊರತಗಡಿನ ಒಳಮೈಗೆ ಡ್ಯಾಂಪಿಂಗ್ ಶೀಟ್ ಅಂಟಿಸಿ ತಗಡಿನ ನಡುಕ ನಿಲ್ಲಿಸುವುದು. ಇನ್ನೊಂದು, ಒಳತಗಡಿನ ದೊಡ್ಡ ತೂತುಗಳನ್ನು ಮುಚ್ಚಿ ಡೋರನ್ನೇ ಒಂದು ಸ್ಪೀಕರ್ ಪೆಟ್ಟಿಗೆಯಾಗಿಸುವುದು.

ಡ್ಯಾಂಪಿಂಗ್ ಶೀಟ್ ಎಂದರೆ ಒಂದು ಬದಿಗೆ ಅಲ್ಯೂಮಿನಿಯಂ ಹಾಳೆ, ಇನ್ನೊಂದು ಬದಿಗೆ ಅಂಟುವ ಬ್ಯೂಟೈಲ್ ರಬ್ಬರ್. ಅಂಗಡಿಯಲ್ಲಿ ಬ್ಯೂಟೈಲ್ ಎಂದೇ ಕೇಳಿ. ತಾರಸಿ ಸೋರಿಕೆಗೆ ಹಚ್ಚುವ ಡಾಂಬರಿನ ಶೀಟ್ ಅರ್ಧ ಬೆಲೆಗೆ ಸಿಗುತ್ತದೆ, ನೋಡಲು ಹಾಗೇ ಇರುತ್ತದೆ. ತರಬೇಡಿ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಗಾಡಿ ನಿಂತರೆ ಅದು ಮೆತ್ತಗಾಗಿ ಜಾರುತ್ತದೆ, ಕ್ಯಾಬಿನ್ ತುಂಬ ಟಾರ್ ವಾಸನೆ, ಒಳಗಿನ ಗ್ಲಾಸಿನ ಚಾನೆಲ್ಲಿಗೂ ಮೆತ್ತಿಕೊಳ್ಳುತ್ತದೆ.

ಅಂಟಿಸುವ ಕ್ರಮ: ತಗಡಿನ ಒಳಮೈಯ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಜಿಡ್ಡು ತೆಗೆಯಿರಿ. ಶೀಟನ್ನು ಅರ್ಧ ಗಂಟೆ ಬಿಸಿಲಿಗಿಟ್ಟರೆ ಅಂಟು ಹದವಾಗುತ್ತದೆ. ಅಂಗೈ ಅಗಲದ ತುಂಡುಗಳಾಗಿ ಕತ್ತರಿಸಿಕೊಂಡು, ಒಳತಗಡಿನ ತೂತಿನ ಮೂಲಕ ಕೈ ಹಾಕಿ, ಹೊರತಗಡಿನ ನಟ್ಟನಡುವಿಗೆ ಮೊದಲು ಅಂಟಿಸಿ. ರೋಲರಿನಿಂದ ಒತ್ತಿ, ರೋಲರ್ ಇಲ್ಲದಿದ್ದರೆ ಚಮಚದ ಬೆನ್ನಾದರೂ ಸರಿ. ಅಲ್ಯೂಮಿನಿಯಂ ಮೇಲಿನ ಗೆರೆಯ ವಿನ್ಯಾಸ ಚಪ್ಪಟೆಯಾಗುವವರೆಗೆ ಒತ್ತಬೇಕು. ಪೂರ್ತಿ ತಗಡನ್ನು ಮುಚ್ಚಬೇಕಾಗಿಲ್ಲ. ಕಾಲುಭಾಗದಿಂದ ಅರ್ಧಭಾಗ ಮುಚ್ಚಿದರೂ ನಡುಕ ನಿಲ್ಲುತ್ತದೆ. ಅದಕ್ಕಿಂತ ಮೇಲೆ ಹಾಕುವುದು ದುಡ್ಡು ಮತ್ತು ಭಾರ.

ಕೈಗೆ ದಪ್ಪ ಗ್ಲೌಸ್ ಹಾಕಿಕೊಳ್ಳಿ. ಒಳತಗಡಿನ ಅಂಚು ಮತ್ತು ಶೀಟಿನ ಅಲ್ಯೂಮಿನಿಯಂ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತವೆ.

ಈಗ ಡೋರನ್ನು ಮತ್ತೆ ಬಡಿದು ನೋಡಿ. "ಡಣ್" ಎನ್ನುತ್ತಿದ್ದದ್ದು "ದಬ್" ಎನ್ನಬೇಕು. ಒಂದು ಡೋರಿಗೆ ಶೀಟ್ ಹಾಕಿ ಮುಗಿಸಿ, ಇನ್ನೊಂದನ್ನು ಮುಟ್ಟದೆ ಎರಡನ್ನೂ ಒಂದಾದ ಮೇಲೊಂದು ಮುಚ್ಚಿ ಕೇಳಿ. ಒಂದು ಕಡೆ ತಗಡಿನ ಡಬ್ಬಿ ಮುಚ್ಚಿದ ಸದ್ದು, ಇನ್ನೊಂದು ಕಡೆ ಮರದ ಬೀರು ಮುಚ್ಚಿದಂಥ ಸದ್ದು. ಯಾವ ಸ್ಪೀಕರೂ ಹಾಕದೆ ಬಂದ ಬದಲಾವಣೆ ಇದು.

ಒಳತಗಡಿನ ದೊಡ್ಡ ತೂತುಗಳಿಗೆ ತೆಳು ಪಿ.ವಿ.ಸಿ. ಹಾಳೆ ಅಥವಾ ಅಲ್ಯೂಮಿನಿಯಂ ತಗಡನ್ನು ಅಳತೆಗೆ ಕತ್ತರಿಸಿ, ಅದರ ಅಂಚಿಗೆ ಶೀಟ್ ಅಂಟಿಸಿ ಮುಚ್ಚಿ. ಗ್ಲಾಸಿನ ಮೆಕ್ಯಾನಿಸಂ ರಿಪೇರಿಗೆ ಮುಂದೆ ತೆಗೆಯಬೇಕಾಗುತ್ತದೆ, ಆದ್ದರಿಂದ ನಾಲ್ಕು ಸ್ಕ್ರೂನಲ್ಲಿ ನಿಲ್ಲಿಸುವುದು ಜಾಣತನ.

ಎರಡು ತಪ್ಪು ಮಾಡಬೇಡಿ. ಡೋರಿನ ತಳದಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿವೆ, ಅವುಗಳ ಮೇಲೆ ಶೀಟ್ ಬಂದರೆ ಡೋರಿನೊಳಗೆ ನೀರು ನಿಂತು ತಳ ತುಕ್ಕು ಹಿಡಿಯುತ್ತದೆ. ಇನ್ನೊಂದು, ಪ್ರತಿ ತುಂಡು ಅಂಟಿಸಿದ ಮೇಲೆ ಗ್ಲಾಸನ್ನು ಪೂರ್ತಿ ಇಳಿಸಿ ಏರಿಸಿ ನೋಡಿ. ಲಾಕಿನ ಕಡ್ಡಿಗೂ ಏನೂ ತಾಗಬಾರದು.

5. ಸ್ಪೀಕರ್ ಆರಿಸುವುದು, ಕೂರಿಸುವುದು

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದ ವಾಟ್ ನೋಡಿ ಸ್ಪೀಕರ್ ಕೊಳ್ಳಬೇಡಿ. "300 ವಾಟ್" ಎನ್ನುವುದು ಪೀಕ್, ಅಂದರೆ ಕ್ಷಣಮಾತ್ರಕ್ಕೆ ತಡೆದುಕೊಳ್ಳಬಲ್ಲದು ಎಂಬ ಲೆಕ್ಕ. ಹಿಂಬದಿಯಲ್ಲಿ ಚಿಕ್ಕದಾಗಿ ಆರ್.ಎಂ.ಎಸ್. ಎಂದು ಬರೆದಿರುತ್ತದೆ, ಗಂಟೆಗಟ್ಟಲೆ ತಡೆಯುವ ಶಕ್ತಿ ಅದು. 6.5 ಇಂಚಿನ ಸಾದಾ ಸ್ಪೀಕರಿಗೆ 40ರಿಂದ 60 ಆರ್.ಎಂ.ಎಸ್. ಇದ್ದರೆ ಧಾರಾಳವಾಯಿತು.

ಅದಕ್ಕಿಂತ ಮುಖ್ಯವಾದದ್ದು ಸೆನ್ಸಿಟಿವಿಟಿ. ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಎಂಬ ಅಳತೆ. 87 ಡೆಸಿಬಲ್ಲಿನ ಸ್ಪೀಕರಿನ ಬದಲು 90ರದ್ದು ಹಾಕಿದರೆ ಬರುವ ಆ 3 ಡೆಸಿಬಲ್, ಸೆಟ್ಟಿನ ಶಕ್ತಿಯನ್ನು ಎರಡು ಪಟ್ಟು ಮಾಡಿದ್ದಕ್ಕೆ ಸಮ. ಆಂಪ್ ಇಲ್ಲದೆ ಸೆಟ್ಟಿನಿಂದಲೇ ಓಡಿಸುವವರು 90ಕ್ಕಿಂತ ಮೇಲಿನದನ್ನೇ ಹುಡುಕಿ. ಅಂಗಡಿಯವನಿಗೆ ಈ ಸಂಖ್ಯೆ ಬಾಯಿಪಾಠ ಇರುವುದಿಲ್ಲ, ಪೆಟ್ಟಿಗೆ ತಿರುಗಿಸಿ ನೀವೇ ಓದಿ.

ಕೋಆಕ್ಸಿಯಲ್ ಎಂದರೆ ವೂಫರಿನ (ತಗ್ಗು ಸ್ವರದ ದೊಡ್ಡ ಸ್ಪೀಕರ್) ನಡುವಿನಲ್ಲೇ ಟ್ವೀಟರ್ (ಮೇಲಿನ ಸ್ವರದ ಪುಟ್ಟ ಸ್ಪೀಕರ್) ಕೂತಿರುವುದು. ಕಾಂಪೊನೆಂಟ್ ಎಂದರೆ ಎರಡೂ ಬೇರೆ ಬೇರೆ, ನಡುವೆ ಕ್ರಾಸ್‌ಓವರ್ ಎಂಬ ಸಣ್ಣ ಪೆಟ್ಟಿಗೆ ಸ್ವರಗಳನ್ನು ಹಂಚಿಕೊಡುತ್ತದೆ. ಕಾಂಪೊನೆಂಟಿನಲ್ಲಿ ಟ್ವೀಟರನ್ನು ಡ್ಯಾಶ್‌ಬೋರ್ಡ್ ಮಟ್ಟಕ್ಕೆ ಏರಿಸಬಹುದು, ಹಾಡು ಕಾಲ ಬುಡದಿಂದ ಬಾರದೆ ಎದುರಿನಿಂದ ಬರುತ್ತದೆ. ದುಡ್ಡು ಸಾಲದಿದ್ದರೆ ಕೋಆಕ್ಸಿಯಲ್ ಸಾಕು. ಕೋನ್ ಮಾತ್ರ ಪಾಲಿಪ್ರಾಪಿಲಿನ್ನಿನದಿರಲಿ, ಡೋರಿನೊಳಗಿನ ತೇವಕ್ಕೆ ಬರೀ ಕಾಗದದ ಕೋನ್ ಬಹಳ ವರ್ಷ ನಿಲ್ಲುವುದಿಲ್ಲ.

ಸೆಕೆಂಡ್ ಹ್ಯಾಂಡ್ ಸ್ಪೀಕರ್ ಕೊಳ್ಳುವವರು ಎರಡು ಪರೀಕ್ಷೆ ಮಾಡಿ. ಮಲ್ಟಿಮೀಟರನ್ನು ಓಮ್‌ಗೆ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಇಟ್ಟು ಎರಡು ಟರ್ಮಿನಲ್ಲಿಗೆ ಹಿಡಿದರೆ 4 ಓಮ್ ಸ್ಪೀಕರ್ ಸುಮಾರು 3.2ರಿಂದ 3.8 ತೋರಿಸಬೇಕು. ಆಮೇಲೆ ಕೋನಿನ ಸುತ್ತ ನಾಲ್ಕು ಬೆರಳಿಟ್ಟು ಸಮನಾಗಿ ಮೆಲ್ಲಗೆ ಒತ್ತಿ, ಕಿವಿ ಹತ್ತಿರ ತನ್ನಿ. "ಪರಪರ" ಎಂದು ಉಜ್ಜಿದ ಸದ್ದು ಕೇಳಿಸಿದರೆ ಒಳಗಿನ ಕಾಯಿಲ್ ಸುಟ್ಟಿದೆ ಅಥವಾ ಓರೆಯಾಗಿದೆ, ಅಲ್ಲೇ ಬಿಟ್ಟು ಬನ್ನಿ.

ಕೊಳ್ಳುವ ಮೊದಲೇ ಆಳ ಅಳೆದುಕೊಳ್ಳಿ. ಗ್ಲಾಸನ್ನು ಪೂರ್ತಿ ಇಳಿಸಿ, ಸ್ಪೀಕರ್ ಕೂರುವ ತಗಡಿನಿಂದ ಗ್ಲಾಸಿನವರೆಗೆ ಸ್ಕೇಲ್ ಹಿಡಿಯಿರಿ. ಅದಕ್ಕಿಂತ ಕನಿಷ್ಠ 5 ಮಿ.ಮೀ. ಕಡಿಮೆ ಆಳದ ಸ್ಪೀಕರ್ ಬೇಕು. ಜಾಗ ಸಾಲದಿದ್ದರೆ ತಗಡಿಗೂ ಸ್ಪೀಕರಿಗೂ ನಡುವೆ 12 ಅಥವಾ 18 ಮಿ.ಮೀ. ದಪ್ಪದ ರಿಂಗ್ ಹಾಕಿ ಮುಂದಕ್ಕೆ ತರಬಹುದು. ಎಂ.ಡಿ.ಎಫ್. ಹಲಗೆಯ ರಿಂಗ್ ಮಾಡಿಸಬೇಡಿ, ನೀರು ತಾಗಿದರೆ ಬಿಸ್ಕತ್ತಿನ ಹಾಗೆ ಉಬ್ಬುತ್ತದೆ. ಪಿ.ವಿ.ಸಿ. ಫೋಮ್ ಬೋರ್ಡ್ ಅಥವಾ ಎರಡು ಕೋಟ್ ಪೇಂಟ್ ಹಚ್ಚಿದ ಮರೀನ್ ಪ್ಲೈ ಒಳ್ಳೆಯದು. ರಿಂಗಿಗೂ ತಗಡಿಗೂ ನಡುವೆ ತೆಳು ಫೋಮ್ ಟೇಪ್ ಸುತ್ತಿ, ಗಾಳಿ ಸೋರಬಾರದು.

ಕಂಪನಿಯ ಸ್ಪೀಕರ್ ವೈರನ್ನು ಕತ್ತರಿಸಬೇಡಿ. ಹಲವು ಗಾಡಿಗಳಿಗೆ ಕಪ್ಲರ್ ಅಡಾಪ್ಟರ್ ಸಿಗುತ್ತದೆ, ಅದನ್ನೇ ಬಳಸಿ. ವಾರಂಟಿಯ ತಕರಾರು ಬಾರದಿರಲಿ ಎಂಬುದು ಒಂದು ಕಾರಣ. ನಾಳೆ ಗಾಡಿ ಮಾರುವಾಗ ಹಳೆಯ ಸ್ಪೀಕರ್ ಹಾಕಿ, ಹೊಸದನ್ನು ನೀವೇ ಇಟ್ಟುಕೊಳ್ಳಬಹುದು ಎಂಬುದು ಇನ್ನೊಂದು.

6. ಪ್ಲಸ್ ಮೈನಸ್ ಸರಿಯಿದೆಯೇ?

ಎಡ ಸ್ಪೀಕರಿನ ಕೋನ್ ಹೊರಗೆ ಬರುವಾಗ ಬಲದ್ದು ಒಳಗೆ ಹೋದರೆ ಬೇಸ್ ಮಾಯವಾಗುತ್ತದೆ, ಹಾಡು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದು. ಪೆನ್ಸಿಲ್ ಸೆಲ್ ಬೇಕು ಎಂದಿದ್ದು ಇದಕ್ಕೆ. ಡ್ಯಾಶ್‌ಬೋರ್ಡಿನ ಸೆಟ್ ಹೊರಗೆಳೆದು, ಅದರ ಕಪ್ಲರ್ ಪೂರ್ತಿ ಬಿಡಿಸಿ, ಒಂದು ಸ್ಪೀಕರಿನ ಜೋಡಿ ವೈರಿಗೆ 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ. "ಟಪ್" ಎಂದು ಸದ್ದಾಗುತ್ತದೆ. ಸೆಲ್ಲಿನ ಪ್ಲಸ್ ಮುಟ್ಟಿದ ವೈರೇ ಸ್ಪೀಕರಿನ ಪ್ಲಸ್ ಆಗಿದ್ದರೆ ಕೋನ್ ಹೊರಕ್ಕೆ ಹಾರುತ್ತದೆ. ಒಬ್ಬರು ಸೆಲ್ ಮುಟ್ಟಿಸಲಿ, ಇನ್ನೊಬ್ಬರು ಡೋರಿನ ಹತ್ತಿರ ಕೂತು ನೋಡಲಿ. ಸೆಟ್ ಸಿಕ್ಕಿಸಿಯೇ ಈ ಪರೀಕ್ಷೆ ಮಾಡಬೇಡಿ.

ಮಾರುಕಟ್ಟೆಯ ಸೆಟ್ಟುಗಳಲ್ಲಿ ವೈರಿನ ಬಣ್ಣ ಸಾಮಾನ್ಯವಾಗಿ ಹೀಗಿರುತ್ತದೆ: ಹಳದಿ ಸದಾ ಕರೆಂಟ್ ಇರುವುದು, ಕೆಂಪು ಕೀ ತಿರುಗಿಸಿದಾಗ ಬರುವುದು, ಕಪ್ಪು ಅರ್ತ್, ನೀಲಿ-ಬಿಳಿ ಆಂಪ್ ಆನ್ ಮಾಡುವುದು. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವ ವೈರು ಆ ಸ್ಪೀಕರಿನ ಮೈನಸ್. ಗಾಡಿ ಕಂಪನಿಯ ವೈರಿಂಗಿಗೆ ಈ ಬಣ್ಣಗಳು ಅನ್ವಯಿಸುವುದಿಲ್ಲ, ಅಲ್ಲಿ ಮಲ್ಟಿಮೀಟರೇ ಗತಿ.

ಸ್ಪೀಕರಿನ ಮೈನಸ್ ವೈರನ್ನು ಗಾಡಿಯ ಬಾಡಿಗೆ ಕೊಡಲೇಬೇಡಿ. ತೀರಾ ಹಳೆಯ ರೇಡಿಯೊಗಳಲ್ಲಿ ಅದು ನಡೆಯುತ್ತಿತ್ತು. ಈಗಿನ ಸೆಟ್ಟುಗಳಲ್ಲಿ ಎರಡೂ ವೈರಿನಲ್ಲಿ ಸಿಗ್ನಲ್ ಇರುತ್ತದೆ, ಬಾಡಿಗೆ ತಾಗಿದರೆ ಒಳಗಿನ ಐ.ಸಿ. (ದನಿ ಹೆಚ್ಚಿಸುವ ಚಿಪ್) ಸುಟ್ಟುಹೋಗಬಹುದು. ಹಾಗೆಯೇ ಒಂದೇ ಚಾನೆಲ್ಲಿಗೆ ಎರಡು 4 ಓಮ್ ಸ್ಪೀಕರನ್ನು ಪ್ಯಾರಲಲ್ಲಾಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ) ಕೊಟ್ಟರೆ ಒಟ್ಟು 2 ಓಮ್ ಆಗುತ್ತದೆ. ಸೆಟ್ ಕೆಂಡವಾಗುತ್ತದೆ.

ಇಲ್ಲಿಗೆ ಮೊದಲ ಕಂತು ಮುಗಿಯಿತು. ಮಡಿಸಿಟ್ಟ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸಿ, ಪ್ಯಾಡ್ ಕೂರಿಸಿ, ಬ್ಯಾಟರಿಯ ನೆಗೆಟಿವ್ ಜೋಡಿಸಿ, ಬೇಸ್ ಟ್ರೆಬಲ್ ಎರಡನ್ನೂ ಸೊನ್ನೆಗಿಟ್ಟು ಕೇಳಿ.

7. ಆಂಪ್ ಬೇಕೇ?

ಸೆಟ್ಟಿನ ಮುಖದ ಮೇಲೆ "50 ವಾಟ್ × 4" ಎಂದಿರುತ್ತದೆ. ನಿಜ ಎಷ್ಟು ಎಂದು ನೀವೇ ಲೆಕ್ಕ ಹಾಕಬಹುದು. ಎಂಜಿನ್ ಓಡುವಾಗ ಗಾಡಿಯಲ್ಲಿ ಇರುವುದು 14.4 ವೋಲ್ಟಿನ ಸುಮಾರು. ಅಷ್ಟು ವೋಲ್ಟೇಜಿನಿಂದ 4 ಓಮ್ ಸ್ಪೀಕರಿಗೆ ಒಡಕಿಲ್ಲದೆ ಕೊಡಬಹುದಾದ ಗರಿಷ್ಠ ಶಕ್ತಿ 26 ವಾಟ್. ಐ.ಸಿ.ಯೊಳಗಿನ ನಷ್ಟ ಕಳೆದರೆ ಕೈಗೆ ಸಿಗುವುದು 15ರಿಂದ 20. ಅದಕ್ಕಿಂತ ಹೆಚ್ಚು ಕೇಳಿದರೆ ಅಲೆಯ ತಲೆ ಕತ್ತರಿಸಿ ಚಪ್ಪಟೆಯಾಗುತ್ತದೆ, ಇದಕ್ಕೇ ಕ್ಲಿಪ್ಪಿಂಗ್ ಎನ್ನುವುದು. ಮೊದಲು ಸುಡುವುದು ಟ್ವೀಟರ್. ಪಿಕಪ್‌ಗಳಲ್ಲಿ ನಾನು ಕಂಡ ಸತ್ತ ಟ್ವೀಟರುಗಳಲ್ಲಿ ಹೆಚ್ಚಿನವು ಚಿಕ್ಕ ಸೆಟ್ಟನ್ನು ಹಿಂಡಿ ಹಿಪ್ಪೆ ಮಾಡಿದ್ದರಿಂದ ಹೋದವು.

ಹೊರಗಿನ ಆಂಪ್ ತನ್ನೊಳಗೆ ವೋಲ್ಟೇಜ್ ಏರಿಸಿಕೊಳ್ಳುತ್ತದೆ, ಹಾಗಾಗಿ ಒಡಕಿಲ್ಲದ 50 ವಾಟ್ ನಿಜವಾಗಿಯೂ ಸಿಗುತ್ತದೆ. ಹೈವೇಯಲ್ಲಿ ಗ್ಲಾಸ್ ಇಳಿಸಿ ಓಡಿಸುವವರಿಗೆ ಇದು ಬೇಕು. ಊರೊಳಗೆ ಓಡಾಡುವವರಿಗೆ ಬೇಡ.

"2000 ವಾಟ್" ಎಂದು ಬರೆದ ಅಗ್ಗದ ಆಂಪ್‌ಗಳ ಬಂಡವಾಳ ಅವುಗಳ ಫ್ಯೂಸಿನಲ್ಲೇ ಬಯಲಾಗುತ್ತದೆ. ಪಕ್ಕದಲ್ಲಿ ಸಿಕ್ಕಿಸಿದ ಫ್ಯೂಸುಗಳ ಆಂಪಿಯರ್ ಕೂಡಿಸಿ, 13.8 ವೋಲ್ಟಿನಿಂದ ಗುಣಿಸಿ, ಎ.ಬಿ. ಕ್ಲಾಸ್ (ಸುಮಾರು ಅರ್ಧ ಶಕ್ತಿ ಶಾಖವಾಗಿ ಹೋಗುವ ಬಗೆಯ ಆಂಪ್) ಆದರೆ ಅರ್ಧ ಮಾಡಿ. 30 ಆಂಪಿಯರ್ ಫ್ಯೂಸ್ ಇದ್ದರೆ 414, ಅದರ ಅರ್ಧ ಸುಮಾರು 200, ಅಂದರೆ ನಾಲ್ಕು ಚಾನೆಲ್ಲಿಗೆ ತಲಾ 50. ಡಿ ಕ್ಲಾಸ್ ಆದರೆ ನಷ್ಟ ಕಡಿಮೆ, ಮುಕ್ಕಾಲು ಭಾಗ ಹಿಡಿಯಿರಿ. ಪೆಟ್ಟಿಗೆಯ ಮೇಲೆ "ಸಿ.ಇ.ಎ. 2006" ಎಂಬ ಅಳತೆಯ ಮಾನದಂಡದ ಗುರುತಿದ್ದರೆ ಬರೆದ ವಾಟನ್ನು ನಂಬಬಹುದು.

ಕಂಪನಿಯ ಸೆಟ್ಟನ್ನೇ ಉಳಿಸಿಕೊಳ್ಳುವವರು "ಹೈ ಲೆವೆಲ್ ಇನ್‌ಪುಟ್" ಇರುವ ಆಂಪ್ ಕೇಳಿ. ಸ್ಪೀಕರ್ ವೈರಿನ ಸಿಗ್ನಲ್ಲನ್ನೇ ಅದು ನೇರವಾಗಿ ತಗೊಳ್ಳುತ್ತದೆ, ಬೇರೆ ಕನ್ವರ್ಟರ್ ಬೇಡ, ಸೆಟ್ ಬದಲಿಸುವ ಖರ್ಚೂ ಇಲ್ಲ.

8. ವೈರಿಂಗ್: ಇಲ್ಲಿ ಅವಸರ ಬೇಡ

ಗಾಡಿಗೆ ಬೆಂಕಿ ಬೀಳುವುದು ಸ್ಪೀಕರಿನಿಂದಲ್ಲ, ಫ್ಯೂಸಿಲ್ಲದ ವೈರಿನಿಂದ. ಬ್ಯಾಟರಿಯ ಪ್ಲಸ್‌ನಿಂದ ಹೊರಟ ವೈರಿಗೆ 45 ಸೆಂ.ಮೀ. ಒಳಗೇ ಫ್ಯೂಸ್ ಇರಲೇಬೇಕು. ಆಂಪ್‌ನೊಳಗೆ ಫ್ಯೂಸ್ ಇದೆಯಲ್ಲ ಎನ್ನಬೇಡಿ. ಅದು ಆಂಪನ್ನು ಕಾಯುತ್ತದೆ, ದಾರಿಯ ವೈರನ್ನಲ್ಲ. ದಾರಿಯಲ್ಲಿ ವೈರಿನ ಸಿಪ್ಪೆ ಸವೆದು ತಗಡಿಗೆ ತಾಗಿದರೆ ಬ್ಯಾಟರಿಯ ಇಡೀ ಶಕ್ತಿ ಅಲ್ಲಿ ಹರಿಯುತ್ತದೆ. ಒಮ್ಮೆ ನನ್ನ ಹತ್ತಿರ ಬಂದ ಗಾಡಿಯೊಂದರಲ್ಲಿ ಎಂಜಿನ್ ಗೋಡೆಯ ತೂತಿನಿಂದ ರಬ್ಬರ್ ಬುಶ್ ಇಲ್ಲದೆ ವೈರ್ ತೂರಿಸಿದ್ದರು. ಆರು ತಿಂಗಳ ಕುಲುಕಾಟಕ್ಕೆ ತಗಡಿನ ಅಂಚು ಸಿಪ್ಪೆಯನ್ನು ಕೊಯ್ದು ತಾಮ್ರ ಹೊಳೆಯುತ್ತಿತ್ತು. ಪುಣ್ಯಕ್ಕೆ ಇನ್ನೂ ತಾಗಿರಲಿಲ್ಲ.

ತಲಾ 50 ವಾಟಿನ ನಾಲ್ಕು ಚಾನೆಲ್ಲಿಗೆ 8ರಿಂದ 10 ಚದರ ಮಿ.ಮೀ. ತಾಮ್ರದ ವೈರ್, ಬ್ಯಾಟರಿ ಹತ್ತಿರ 30 ಆಂಪಿಯರ್ ಫ್ಯೂಸ್ ಸರಿಯಾಗುತ್ತದೆ. ಅಗ್ಗದ ಕಿಟ್‌ಗಳಲ್ಲಿ ಬರುವುದು ಸಿ.ಸಿ.ಎ., ಅಂದರೆ ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅದೇ ಗಾತ್ರದಲ್ಲಿ ಅದು ಕಡಿಮೆ ಕರೆಂಟ್ ಹೊರುತ್ತದೆ, ಬಳಸಲೇಬೇಕಾದರೆ ಒಂದು ಅಳತೆ ದಪ್ಪದ್ದು ತಗೊಳ್ಳಿ.

ವೈರನ್ನು ಎಂಜಿನ್ ಗೋಡೆ ದಾಟಿಸುವಲ್ಲಿ ರಬ್ಬರ್ ಬುಶ್, ಉಳಿದ ದಾರಿಯುದ್ದಕ್ಕೂ ಕೊಳವೆ, ಗೇಣಿಗೊಂದು ಟೈ. ಸೈಲೆನ್ಸರ್, ಸ್ಟೀರಿಂಗ್ ಕಂಬ, ಕ್ಲಚ್ ಪೆಡಲ್‌ನಿಂದ ದೂರ ಇರಲಿ.

ಅರ್ತ್ ವಿಷಯದಲ್ಲಿ ಪಿಕಪ್‌ಗೆ ಒಂದು ವಿಶೇಷವಿದೆ. ಕಾರಿನಂತಲ್ಲದೆ ಇಲ್ಲಿ ಕ್ಯಾಬಿನ್ ಬೇರೆ, ಚಾಸಿ ಬೇರೆ, ನಡುವೆ ರಬ್ಬರ್ ಮೌಂಟಿಂಗ್. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಒಂದು ಹೆಣೆದ ಪಟ್ಟಿ ಅಥವಾ ವೈರ್ ಕ್ಯಾಬಿನ್ನನ್ನು ಚಾಸಿಗೆ, ಬ್ಯಾಟರಿಗೆ ಬೆಸೆದಿರುತ್ತದೆ. ಹಳೆಯ ಗಾಡಿಯಲ್ಲಿ ಆ ಪಟ್ಟಿ ತುಕ್ಕು ಹಿಡಿದಿರುತ್ತದೆ. ಸೀಟಿನ ಕೆಳಗಿನ ತಗಡಿಗೆ ಅರ್ತ್ ಕೊಟ್ಟು "ಗುಂಯ್" ಸದ್ದು ಬರುತ್ತಿದೆ ಎನ್ನುವವರು ಮೊದಲು ಆ ಪಟ್ಟಿಯನ್ನು ನೋಡಿ. ನಾನಂತೂ ಪಿಕಪ್‌ನಲ್ಲಿ ಪ್ಲಸ್‌ನಷ್ಟೇ ದಪ್ಪದ ವೈರನ್ನು ಬ್ಯಾಟರಿಯ ನೆಗೆಟಿವ್‌ಗೇ ನೇರವಾಗಿ ಎಳೆಯುತ್ತೇನೆ. ನಾಲ್ಕು ಮೀಟರ್ ವೈರಿನ ಖರ್ಚು ಹೆಚ್ಚು, ತಲೆನೋವು ಕಡಿಮೆ. ತಗಡಿಗೇ ಕೊಡುವುದಾದರೆ ಪೇಂಟ್ ಕೆರೆದು, ಬರಿ ಕಬ್ಬಿಣಕ್ಕೆ ಸ್ಟಾರ್ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಹಚ್ಚಿ.

ಸಿಗ್ನಲ್ ವೈರನ್ನು ಕರೆಂಟ್ ವೈರಿನ ಜೊತೆ ಒಂದೇ ಕಟ್ಟಿನಲ್ಲಿ ಎಳೆಯಬೇಡಿ. ಒಂದು ಎಡ ಪಕ್ಕದಲ್ಲಿ ಬಂದರೆ ಇನ್ನೊಂದು ಬಲ ಪಕ್ಕದಲ್ಲಿ ಬರಲಿ. ಆಕ್ಸಿಲರೇಟರ್ ಒತ್ತಿದಂತೆಲ್ಲ ಏರುವ ಕೀರಲು ಸದ್ದಿಗೆ ಇದು ಅಥವಾ ಕೆಟ್ಟ ಅರ್ತ್ ಕಾರಣ.

ಆಂಪನ್ನು ಸೀಟಿನ ಕೆಳಗೆ ಅಥವಾ ಬೆನ್ನ ಹಿಂದೆ ಗಾಳಿಯಾಡುವಂತೆ ಕೂರಿಸಿ. ಜ್ಯಾಕ್, ವೀಲ್ ಸ್ಪ್ಯಾನರ್ ತೆಗೆಯಲು ಅಡ್ಡ ಬರಬಾರದು, ರಾತ್ರಿ ಹೊತ್ತು ಪಂಕ್ಚರ್ ಆದಾಗ ಇದು ನೆನಪಾಗುತ್ತದೆ.

9. ಗೇನ್ ಕೂರಿಸುವುದು

ಗೇನ್ ಎನ್ನುವುದು ವಾಲ್ಯೂಮ್ ಅಲ್ಲ. ಸೆಟ್ಟಿನಿಂದ ಬರುವ ಸಿಗ್ನಲ್ಲಿಗೆ ಆಂಪನ್ನು ಹೊಂದಿಸುವ ತಿರುಗುಣಿ. ಪೂರ್ತಿ ತಿರುಗಿಸಿಬಿಟ್ಟರೆ ಆಂಪ್ ಹಾಕಿಯೂ ಕ್ಲಿಪ್ಪಿಂಗೇ.

ಸ್ಪೀಕರ್ ವೈರುಗಳನ್ನು ಆಂಪ್‌ನಿಂದ ಬಿಡಿಸಿ. ಸೆಟ್ಟಿನ ಬೇಸ್, ಟ್ರೆಬಲ್, ಲೌಡ್‌ನೆಸ್, ಆಂಪ್‌ನ ಫಿಲ್ಟರ್, ಬೇಸ್ ಬೂಸ್ಟ್ ಎಲ್ಲ ಆಫ್. ಎಂಜಿನ್ ಓಡುತ್ತಿರಲಿ, ಗಾಡಿ ಬಯಲಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ. 100 ಹರ್ಟ್ಸಿನ (ಸೆಕೆಂಡಿಗೆ ನೂರು ಕಂಪನದ), 0 ಡಿ.ಬಿ. (ಪೂರ್ತಿ) ಮಟ್ಟದ ಟೆಸ್ಟ್ ಟೋನ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಹಚ್ಚಿ, ಸೆಟ್ಟಿನ ವಾಲ್ಯೂಮ್ ಮುಕ್ಕಾಲಿಗೆ ಏರಿಸಿ. ಮಲ್ಟಿಮೀಟರನ್ನು ಎ.ಸಿ. ವೋಲ್ಟಿಗಿಟ್ಟು ಆಂಪ್‌ನ ಸ್ಪೀಕರ್ ಟರ್ಮಿನಲ್ಲಿಗೆ ಹಿಡಿದು, ಗೇನನ್ನು ಸೊನ್ನೆಯಿಂದ ಮೆಲ್ಲಗೆ ತಿರುಗಿಸಿ.

ಎಲ್ಲಿ ನಿಲ್ಲಿಸಬೇಕು? ವಾಟನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 50 ವಾಟ್, 4 ಓಮ್: 200ರ ವರ್ಗಮೂಲ 14.1 ವೋಲ್ಟ್. ನಾನು 12ರ ಹತ್ತಿರ ನಿಲ್ಲಿಸುತ್ತೇನೆ, ಸ್ಪೀಕರ್ ಬಾಳಿಕೆ ಬರಲಿ ಎಂದು. ನಾಲ್ಕೂ ಚಾನೆಲ್ಲಿಗೆ ಹೀಗೇ ಮಾಡಿ.

ಆಮೇಲೆ ಹೈ ಪಾಸ್ ಫಿಲ್ಟರನ್ನು 80 ಹರ್ಟ್ಸಿಗೆ ಇಡಿ. ಅಂದರೆ 80ಕ್ಕಿಂತ ತಗ್ಗಿನ ಸ್ವರ ಡೋರ್ ಸ್ಪೀಕರಿಗೆ ಹೋಗುವುದಿಲ್ಲ. "ಇರುವ ಬೇಸನ್ನೂ ಕಡಿದರೆ ಹೇಗೆ?" ಎಂದು ಕೇಳುತ್ತಾರೆ. 6.5 ಇಂಚಿನ ಕೋನ್ ಆ ತಗ್ಗನ್ನು ಹೇಗೂ ಜೋರಾಗಿ ನುಡಿಸಲಾರದು, ಸುಮ್ಮನೆ ಒದ್ದಾಡಿ ಮೇಲಿನ ಸ್ವರಗಳನ್ನೂ ಕೆಡಿಸುತ್ತದೆ. ಆ ಹೊರೆ ಇಳಿಸಿದ ಮೇಲೆ ಹಾಡುವವರ ದನಿ ಎಷ್ಟು ತಿಳಿಯಾಗುತ್ತದೆ ಎಂದು ಕೇಳಿ ನೋಡಿ.

10. ಬೇಸ್ ಇನ್ನೂ ಬೇಕೆನ್ನುವವರಿಗೆ

ತನ್ನೊಳಗೇ ಆಂಪ್ ಇರುವ 8 ಇಂಚಿನ ತೆಳು ಅಂಡರ್ ಸೀಟ್ ವೂಫರ್ ಸಿಂಗಲ್ ಕ್ಯಾಬಿನ್ನಿಗೆ ಸಾಕು. ಇದು 15 ಸಾವಿರದ ಲೆಕ್ಕದ ಆಚೆಗಿನ ಖರ್ಚು. ಅದರ ಲೋ ಪಾಸ್ ಫಿಲ್ಟರನ್ನು 80 ಹರ್ಟ್ಸಿಗೆ ಇಡಿ, ಅಂದರೆ ಅದಕ್ಕಿಂತ ತಗ್ಗಿನ ಸ್ವರ ಮಾತ್ರ ಇದಕ್ಕೆ ಹೋಗುತ್ತದೆ. 12 ಇಂಚಿನ ದೊಡ್ಡ ಪೆಟ್ಟಿಗೆ ಪಿಕಪ್ ಕ್ಯಾಬಿನ್ನಿಗೆ ಬೇಡವೇ ಬೇಡ, ಸೀಟ್ ಮುಂದಕ್ಕೆ ತಳ್ಳಿಕೊಂಡು ಮಂಡಿ ಸ್ಟೀರಿಂಗಿಗೆ ತಾಗುವಂತೆ ಕೂತು ಗಾಡಿ ಓಡಿಸಬೇಕಾಗುತ್ತದೆ.

ಹಿಂದಿನ ತೊಟ್ಟಿಯಲ್ಲಿ ಸ್ಪೀಕರ್ ಕಟ್ಟುವ ಬಗ್ಗೆಯೂ ಕೇಳುತ್ತಾರೆ. ಈ ಲೇಖನ ಕ್ಯಾಬಿನ್ನಿನೊಳಗಿನದಕ್ಕೆ ಮಾತ್ರ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸಾರ್ವಜನಿಕ ಜಾಗದಲ್ಲಿ ಧ್ವನಿವರ್ಧಕ ನಿಷಿದ್ಧ. ನಡುರಾತ್ರಿ ಮಂಡಿಯಲ್ಲಿ ಸರದಿಗೆ ನಿಂತಾಗ ಪಕ್ಕದ ಗಾಡಿಯಲ್ಲಿ ಒಬ್ಬರು ನಿದ್ದೆಗೆ ಒರಗಿರುತ್ತಾರೆ, ಗ್ಲಾಸ್ ಏರಿಸಿಕೊಂಡು ಕೇಳಿ.

11. ಮುಗಿದ ಮೇಲೆ

ಬಿಲ್ಲುಗಳನ್ನು ಇಟ್ಟುಕೊಳ್ಳಿ. ವಿಮೆ ನವೀಕರಿಸುವಾಗ ಹೊಸ ಸಾಮಾನನ್ನು ಎಲೆಕ್ಟ್ರಿಕಲ್ ಆಕ್ಸೆಸರಿ ಎಂದು ತಿಳಿಸಿ ಸೇರಿಸಿಕೊಳ್ಳಿ. ಹೇಳದಿದ್ದರೆ ಕಳುವಾದಾಗ ಅದರ ದುಡ್ಡು ಸಿಗುವುದಿಲ್ಲ.

ಮೊದಲ ದಿನ ಅರ್ಧ ಗಂಟೆ ಹಾಡು ಹಾಕಿ ಓಡಿಸಿದ ಮೇಲೆ ಗಾಡಿ ನಿಲ್ಲಿಸಿ, ಬ್ಯಾಟರಿ ಹತ್ತಿರದ ಫ್ಯೂಸ್ ಹೋಲ್ಡರನ್ನು ಬೆರಳಿನಿಂದ ಮುಟ್ಟಿ ನೋಡಿ. ಎಂಜಿನ್ ಶಾಖಕ್ಕೆ ಬೆಚ್ಚಗಿದ್ದರೆ ಸರಿ. ಅದೊಂದೇ ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಸ್ಕ್ರೂ ಸಡಿಲವಿದೆ ಅಥವಾ ಹೋಲ್ಡರ್ ಕಳಪೆಯದು, ಅಂದೇ ಬದಲಿಸಿ. ಹದಿನೈದು ದಿನ ಲೋಡ್ ಹೊಡೆದ ಮೇಲೆ ಬ್ಯಾಟರಿ ಟರ್ಮಿನಲ್, ಅರ್ತ್ ಬೋಲ್ಟ್, ಸ್ಪೀಕರಿನ ನಾಲ್ಕು ಸ್ಕ್ರೂ, ಮೂರನ್ನೂ ಮತ್ತೊಮ್ಮೆ ಬಿಗಿ ಮಾಡಿ. ನಮ್ಮ ಹಳ್ಳಿ ರಸ್ತೆಯ ಕುಲುಕಾಟಕ್ಕೆ ಅವು ಒಂದು ಸುತ್ತು ಸಡಿಲಾಗಿಯೇ ಇರುತ್ತವೆ.